ಬೆಕ್ಕಿನ ಉಗುರು ತೆಗೆಯುವ ಶಸ್ತ್ರಚಿಕಿತ್ಸೆ

ಬೆಕ್ಕಿನ ಉಗುರು ತೆಗೆಯುವ ಶಸ್ತ್ರಚಿಕಿತ್ಸೆ ಎಂದರೆ ಸಾಕುಬೆಕ್ಕಿನ ಬೆರಳುಗಳ ತುದಿಯ ಮೂಳೆಯನ್ನು ಉಗುರಿನ ಸಮೇತ ಕತ್ತರಿಸಿ ತೆಗೆಯುವ ಕ್ರಿಯೆ. ಪಶುವೈದ್ಯಶಾಸ್ತ್ರದಲ್ಲಿ ಇದನ್ನು ಆನಿಕೆಕ್ಟಮಿ ಎಂದು ಕರೆಯುತ್ತಾರೆ. ಸೋಫಾ, ಹಾಸಿಗೆ, ಪರದೆ ಮುಂತಾದ ಗೃಹೋಪಯೋಗಿ ವಸ್ತುಗಳನ್ನು ಬೆಕ್ಕು ಪರಚಿ ಹಾಳುಮಾಡುವುದನ್ನು ತಡೆಯುವುದು ಇದರ ಮುಖ್ಯ ಉದ್ದೇಶ. 20ನೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಈ ಪದ್ಧತಿ ವ್ಯಾಪಕವಾಗಿ ಹರಡಿತು. ಇಂದು ಅನೇಕ ದೇಶಗಳಲ್ಲಿ ಇದು ನಿಷಿದ್ಧ. ಭಾರತದಲ್ಲಿ ಇದನ್ನು ಹೆಸರಿಸಿ ನಿಷೇಧಿಸುವ ಪ್ರತ್ಯೇಕ ಕಲಮು ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಇಲ್ಲವಾದರೂ, ಪ್ರಾಣಿಯ ಅಂಗಚ್ಛೇದನವು ಅದೇ ಕಾಯಿದೆಯಡಿ ಅಪರಾಧವಾಗಿದೆ.

ಉಗುರಿನ ರಚನೆ

ಸಾಮಾನ್ಯವಾಗಿ ಬೆಕ್ಕಿಗೆ 18 ಉಗುರುಗಳಿರುತ್ತವೆ: ಮುಂಗಾಲುಗಳಲ್ಲಿ ತಲಾ ಐದು, ಹಿಂಗಾಲುಗಳಲ್ಲಿ ತಲಾ ನಾಲ್ಕು. ಮನುಷ್ಯನ ಉಗುರು ಬೆರಳಿನ ಚರ್ಮದ ಮೇಲೆ ಹರಡಿಕೊಂಡಿದ್ದರೆ, ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದಲೇ ಬೆಳೆಯುತ್ತದೆ. ಆದ್ದರಿಂದ ಮೂಳೆಯನ್ನು ಉಳಿಸಿ ಉಗುರನ್ನು ಮಾತ್ರ ಶಾಶ್ವತವಾಗಿ ತೆಗೆಯಲಾಗುವುದಿಲ್ಲ. ಮನುಷ್ಯನಿಗೆ ಹೋಲಿಸುವುದಾದರೆ, ಇದು ಪ್ರತಿಯೊಂದು ಬೆರಳನ್ನೂ ಕೊನೆಯ ಗೆಣ್ಣಿನ ಬಳಿ ಕತ್ತರಿಸಿದಂತೆ. ಮುಂಗಾಲುಗಳಿಗಷ್ಟೇ ಈ ಚಿಕಿತ್ಸೆ ಮಾಡಿದರೂ ಹತ್ತು ಬೆರಳುಗಳ ತುದಿ ಹೋಗುತ್ತದೆ.

ಬೆಕ್ಕು ಬೆರಳುಗಳ ಮೇಲೆ ಭಾರ ಹಾಕಿ ನಡೆಯುವ ಪ್ರಾಣಿ. ನಡಿಗೆ, ಜಿಗಿತ, ಮರ ಹತ್ತುವುದು, ಬೇಟೆ ಹಿಡಿಯುವುದು, ನಾಯಿಗಳಿಂದ ಪಾರಾಗುವುದು ಇವೆಲ್ಲಕ್ಕೂ ಆ ತುದಿಮೂಳೆ ಮತ್ತು ಅದಕ್ಕೆ ಸೇರಿದ ಸ್ನಾಯುರಜ್ಜುಗಳು ಬೇಕಾಗುತ್ತವೆ.

ಪರಚುವಿಕೆಯ ಕಾರಣಗಳು

ಪರಚುವುದು ಬೆಕ್ಕಿನ ಸಹಜ ನಡವಳಿಕೆ, ಕೆಟ್ಟ ಚಾಳಿಯಲ್ಲ. ಉಗುರು ಮಸೆಯುವಾಗ ಅದರ ಹಳೆಯ ಹೊರಪದರ ಕಳಚಿ ಬಿದ್ದು ಒಳಗಿನ ಚೂಪಾದ ಪದರ ಹೊರಬರುತ್ತದೆ. ಭುಜ ಮತ್ತು ಬೆನ್ನಿನ ಸ್ನಾಯುಗಳು ಸೆಟೆದು ಸಡಿಲಗೊಳ್ಳುತ್ತವೆ. ಬೆರಳುಗಳ ನಡುವಿನ ಗ್ರಂಥಿಗಳಿಂದ ಸ್ರವಿಸುವ ವಾಸನೆ ಆ ವಸ್ತುವಿಗೆ ಅಂಟುತ್ತದೆ. ಕಣ್ಣಿಗೆ ಕಾಣುವ ಗೀರು ಮತ್ತು ಮೂಗಿಗೆ ತಿಳಿಯುವ ವಾಸನೆ ಎರಡೂ ಸೇರಿ ಬೆಕ್ಕಿನ ಎಲ್ಲೆಯನ್ನು ಗುರುತಿಸುತ್ತವೆ. ಒಮ್ಮೆ ಪರಚಿದ ಜಾಗಕ್ಕೇ ಬೆಕ್ಕು ಮರಳಿ ಬರುವುದಕ್ಕೆ ಇದೇ ಕಾರಣ. ನಿದ್ದೆಯಿಂದ ಎದ್ದ ಕೂಡಲೇ ಪರಚುವುದು ಹೆಚ್ಚು. ಮನೆಗೆ ಹೊಸ ಪ್ರಾಣಿ ಬಂದಾಗ ಅಥವಾ ಮನೆ ಬದಲಾಯಿಸಿದಾಗಲೂ ಈ ನಡವಳಿಕೆ ಹೆಚ್ಚಾಗಬಹುದು.

ವಿಧಾನಗಳು

ಶಸ್ತ್ರಚಿಕಿತ್ಸೆಯನ್ನು ಪೂರ್ಣ ಅರಿವಳಿಕೆ ನೀಡಿ ಮಾಡಲಾಗುತ್ತದೆ. ಅಡ್ಡಲಾಗಿ ಕತ್ತರಿಸುವ ಕತ್ತರಿ, ಶಸ್ತ್ರಚಿಕಿತ್ಸೆಯ ಚಾಕು ಅಥವಾ ಲೇಸರ್ ಬಳಸಬಹುದು. ಲೇಸರ್‌ನಿಂದ ರಕ್ತಸ್ರಾವ ಕಡಿಮೆಯಾಗುತ್ತದೆ. ಆದರೆ ತೆಗೆಯುವುದು ಅದೇ ಮೂಳೆಯನ್ನೇ. ಇನ್ನೊಂದು ವಿಧಾನದಲ್ಲಿ ಮೂಳೆಯನ್ನು ಬಿಟ್ಟು ಉಗುರನ್ನು ಹೊರಚಾಚುವ ಸ್ನಾಯುರಜ್ಜುವನ್ನು ಕತ್ತರಿಸಲಾಗುತ್ತದೆ. ಆಗ ಉಗುರು ಉಳಿಯುತ್ತದೆಯಾದರೂ ಬೆಕ್ಕಿಗೆ ಅದನ್ನು ಮಸೆಯಲಾಗುವುದಿಲ್ಲ. ನಿಯತವಾಗಿ ಕತ್ತರಿಸದಿದ್ದರೆ ಅದು ಬಾಗಿ ಬೆಳೆದು ಪಾದದ ಮೆತ್ತೆಯೊಳಗೆ ಚುಚ್ಚಿಕೊಳ್ಳಬಹುದು.

ಗೆಡ್ಡೆ ಅಥವಾ ಕ್ಯಾನ್ಸರ್, ವಾಸಿಯಾಗದ ಸೋಂಕು, ಜಜ್ಜಿಹೋದ ಬೆರಳು ಮುಂತಾದ ಸಂದರ್ಭಗಳಲ್ಲಿ ಒಂದೆರಡು ಬೆರಳುಗಳ ತುದಿಯನ್ನು ತೆಗೆಯುವುದು ಚಿಕಿತ್ಸೆಯ ಭಾಗ. ವಿವಾದ ಇರುವುದು ರೋಗವಿಲ್ಲದ ಬೆರಳುಗಳನ್ನು ಕತ್ತರಿಸುವುದರ ಬಗ್ಗೆ.

ತೊಡಕುಗಳು

ತಕ್ಷಣದ ತೊಡಕುಗಳೆಂದರೆ ನೋವು, ರಕ್ತಸ್ರಾವ, ಸೋಂಕು ಮತ್ತು ಕುಂಟುವಿಕೆ. ಮೂಳೆಯ ಚೂರು ಒಳಗೆ ಉಳಿದರೆ ಉಗುರು ವಿಕಾರವಾಗಿ ಮತ್ತೆ ಬೆಳೆಯಬಹುದು. ದೀರ್ಘಕಾಲದ ಪರಿಣಾಮಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಉಗುರು ತೆಗೆಸಿದ 137 ಬೆಕ್ಕುಗಳನ್ನು ಉಗುರಿರುವ 137 ಬೆಕ್ಕುಗಳೊಂದಿಗೆ ಹೋಲಿಸಿತು. ಉಗುರು ತೆಗೆಸಿದ ಗುಂಪಿನಲ್ಲಿ ಬೆನ್ನುನೋವು, ಕಚ್ಚುವಿಕೆ, ಅತಿಯಾಗಿ ಮೈ ನೆಕ್ಕಿಕೊಳ್ಳುವುದು ಹಾಗೂ ಎಲ್ಲೆಂದರಲ್ಲಿ ಮಲಮೂತ್ರ ವಿಸರ್ಜಿಸುವುದು ಹೆಚ್ಚಾಗಿ ಕಂಡುಬಂದವು. ಆ ಗುಂಪಿನ ಸುಮಾರು ಶೇ. 63ರಷ್ಟು ಬೆಕ್ಕುಗಳ ಪಾದದಲ್ಲಿ ಮೂಳೆಯ ಚೂರುಗಳು ಉಳಿದಿದ್ದವು. ನೋವಿರುವ ಪಾದಕ್ಕೆ ಮರಳು ಚುಚ್ಚುವುದರಿಂದ ಬೆಕ್ಕು ಮಲಮೂತ್ರದ ತಟ್ಟೆಯನ್ನು ಬಿಟ್ಟು ಹಾಸಿಗೆ, ಜಮಖಾನೆಗಳಂತಹ ಮೆತ್ತನೆಯ ಜಾಗವನ್ನು ಆರಿಸಿಕೊಳ್ಳುತ್ತದೆ ಎಂಬುದು ಇದಕ್ಕೆ ನೀಡಲಾಗುವ ವಿವರಣೆ. ಹೀಗೆ ಸೋಫಾ ಉಳಿಸಲು ಮಾಡಿಸಿದ ಚಿಕಿತ್ಸೆ ಹಾಸಿಗೆಗೆ ಸಂಚಕಾರವಾಗುವ ಸಾಧ್ಯತೆ ಇದೆ.

ನೋವು ಕಡಿಮೆ ಮಾಡಲು ಮನುಷ್ಯರ ಮಾತ್ರೆಗಳನ್ನು ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಯೂ ಪ್ರಾಣಾಂತಿಕವಾಗಬಹುದು.

ಪರ ಮತ್ತು ವಿರೋಧ

ಬೇರೆ ಉಪಾಯಗಳು ಫಲಿಸದಿದ್ದಾಗ ಬೆಕ್ಕನ್ನು ಮನೆಯಿಂದ ಹೊರಹಾಕುವುದಕ್ಕಿಂತ ಉಗುರು ತೆಗೆಸುವುದು ಮೇಲು ಎಂಬುದು ಈ ಪದ್ಧತಿಯ ಪರವಾದ ಪ್ರಮುಖ ವಾದ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2018ರ ನಿಷೇಧದ ಹಿಂದಿನ ಮತ್ತು ಮುಂದಿನ ವರ್ಷಗಳ ದಾಖಲೆಗಳನ್ನು ಪ್ರಾಣಿ ಆಶ್ರಯಧಾಮಗಳ ಜಾಲವೊಂದರಲ್ಲಿ ಪರಿಶೀಲಿಸಿದಾಗ, ವಸ್ತುಗಳನ್ನು ಹಾಳುಮಾಡುವ ಕಾರಣಕ್ಕೆ ಬೆಕ್ಕುಗಳನ್ನು ತಂದು ಬಿಡುವುದು ಹೆಚ್ಚಾಗಿರಲಿಲ್ಲ.

ರೋಗನಿರೋಧಕ ಶಕ್ತಿ ಕುಂದಿದವರು ಅಥವಾ ಚಿಕ್ಕ ಮಕ್ಕಳು ಮನೆಯಲ್ಲಿದ್ದಾರೆ ಎಂಬುದು ಇನ್ನೊಂದು ವಾದ. ಆದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಅಂತಹ ರೋಗಿಗಳ ಮನೆಯಲ್ಲಿಯೂ ಉಗುರು ತೆಗೆಸುವುದನ್ನು ಸಲಹೆ ಮಾಡುವುದಿಲ್ಲ. ರೇಬಿಸ್ ಭಯಕ್ಕೂ ಇದು ಪರಿಹಾರವಲ್ಲ. ಉಗುರಿಲ್ಲದ ಬೆಕ್ಕು ಕಚ್ಚಬಲ್ಲದು. ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಬೇಕು. ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು.

ಪರ್ಯಾಯಗಳು

ಎರಡು ಮೂರು ವಾರಗಳಿಗೊಮ್ಮೆ ಉಗುರಿನ ಚೂಪಾದ ತುದಿಯನ್ನು ಮಾತ್ರ ಕತ್ತರಿಸುವುದು ಸರಳ ಉಪಾಯ. ಒಳಗೆ ಕೆಂಪಾಗಿ ಕಾಣುವ ಭಾಗದಲ್ಲಿ ರಕ್ತನಾಳ ಮತ್ತು ನರಗಳಿರುವುದರಿಂದ ಅದನ್ನು ಮುಟ್ಟಬಾರದು. ಉಗುರಿಗೆ ಅಂಟಿಸುವ ಮೆತ್ತನೆಯ ಪ್ಲಾಸ್ಟಿಕ್ ಟೊಪ್ಪಿಗಳೂ ಇವೆ. ಅವು ಕೆಲವು ವಾರಗಳಲ್ಲಿ ಉದುರುತ್ತವೆ.

ಪರಚಲು ಬೆಕ್ಕಿಗೇ ಒಂದು ಕಂಬ ಒದಗಿಸುವುದು ಮುಖ್ಯ ಪರಿಹಾರ. ಬೆಕ್ಕು ಪೂರ್ತಿ ಮೈಚಾಚಿ ನಿಲ್ಲುವಷ್ಟು, ಅಂದರೆ ಸುಮಾರು ಮೂರು ಅಡಿ ಎತ್ತರವಿರಬೇಕು, ಎಳೆದರೆ ಅಲುಗಾಡಬಾರದು. ಇದಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ಮರದ ಕೊರಡಿಗೆ ಪುಂಡಿ ನಾರಿನ ಅಥವಾ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿದರೆ, ಇಲ್ಲವೇ ಹಳೆಯ ಗೋಣಿಚೀಲ ಬಿಗಿದರೆ ಸಾಕು. ಕಂಬವನ್ನು ಮೂಲೆಯಲ್ಲಿಡದೆ ಬೆಕ್ಕು ಈಗಾಗಲೇ ಪರಚುತ್ತಿರುವ ವಸ್ತುವಿನ ಪಕ್ಕದಲ್ಲೇ ಇಡಬೇಕು. ಕೆಲ ಬೆಕ್ಕುಗಳು ನೆಲದ ಮೇಲೆ ಅಡ್ಡಲಾಗಿ ಪರಚಲು ಇಷ್ಟಪಡುತ್ತವೆ. ಅವಕ್ಕೆ ಗೋಣಿತಟ್ಟನ್ನು ಹಾಸಬಹುದು. ಕಂಬ ಬಳಸಿದಾಗ ತಿನಿಸು ಕೊಟ್ಟರೆ ರೂಢಿ ಬಲಿಯುತ್ತದೆ. ಹೊಡೆದರೆ ಅಥವಾ ಗದರಿದರೆ ಬೆಕ್ಕು ಮರೆಯಲ್ಲಿ ಪರಚಲು ಕಲಿಯುತ್ತದೆ.

ಕಾನೂನು

ಸಾಕುಪ್ರಾಣಿಗಳ ರಕ್ಷಣೆಗಾಗಿ 1987ರಲ್ಲಿ ರೂಪುಗೊಂಡ ಯುರೋಪಿನ ಒಡಂಬಡಿಕೆಯು ಚಿಕಿತ್ಸೆಗಲ್ಲದೆ ಉಗುರು ತೆಗೆಯುವುದನ್ನು ನಿಷೇಧಿಸುತ್ತದೆ. ಇಸ್ರೇಲ್ 2011ರಲ್ಲಿ ನಿಷೇಧದ ಶಾಸನ ಮಾಡಿತು. ಅಮೆರಿಕದಲ್ಲಿ ವೆಸ್ಟ್ ಹಾಲಿವುಡ್ ನಗರ 2003ರಲ್ಲಿ ನಿಷೇಧಿಸಿತು; ರಾಜ್ಯಗಳಲ್ಲಿ ಮೊದಲನೆಯದು ನ್ಯೂಯಾರ್ಕ್ (2019).

ಭಾರತದ ಪ್ರಾಣಿ ಹಿಂಸೆ ತಡೆ ಕಾಯಿದೆ, 1960ರ 11(1)ನೇ ಕಲಮು ಪ್ರಾಣಿಯ ಅಂಗಚ್ಛೇದನವನ್ನು ಕ್ರೌರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅದೇ ಕಲಮಿನ 3ನೇ ಉಪಕಲಮು ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ಇತ್ಯಾದಿಗಳನ್ನು ನಿಯಮಿತ ರೀತಿಯಲ್ಲಿ ಮಾಡಲು ವಿನಾಯಿತಿ ನೀಡಿದೆ. ಬೆಕ್ಕಿನ ಉಗುರಿನ ಉಲ್ಲೇಖ ಅದರಲ್ಲಿಲ್ಲ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ ಎಂಬುದು ಈ ಕಾಯಿದೆಯ ಬಗೆಗಿನ ಬಹುಕಾಲದ ಟೀಕೆ. ಸರ್ವೋಚ್ಚ ನ್ಯಾಯಾಲಯವು 2014ರ ಎ. ನಾಗರಾಜ ಪ್ರಕರಣದ ತೀರ್ಪಿನಲ್ಲಿ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು. ನೋವಿನಿಂದ ಮುಕ್ತಿ ಹಾಗೂ ಸಹಜ ನಡವಳಿಕೆಯ ಸ್ವಾತಂತ್ರ್ಯ ಅವುಗಳಲ್ಲಿ ಸೇರಿವೆ.

ಬೀದರ್ ಜಿಲ್ಲೆಯಲ್ಲಿ

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ್ ನಗರದ ನಂದಿನಗರದಲ್ಲಿದೆ. ಅಲ್ಲಿನ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯನ್ನು ಕಲಿಸಲಾಗುತ್ತದೆ. ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳಲ್ಲಿ ಪಶುವೈದ್ಯ ಸೇವೆ ದೇವಣಿ ತಳಿಯ ದನ, ಎಮ್ಮೆ ಮತ್ತು ಆಡುಗಳ ಸುತ್ತ ಬೆಳೆದುಬಂದಿದೆ. ತೊಗರಿ, ಹೆಸರು, ಉದ್ದು ಮತ್ತು ಜೋಳ ಬೆಳೆಯುವ ಈ ಭಾಗದ ಮನೆಗಳಲ್ಲಿ ಕಾಳಿನ ಚೀಲಗಳನ್ನು ಇಲಿಗಳಿಂದ ಕಾಯಲು ಬೆಕ್ಕು ಬೇಕು. ಹಗಲು ಮನೆಯೊಳಗೆ ಮಲಗಿ ರಾತ್ರಿ ಹೊರಗೆ ತಿರುಗುವ ಇಂತಹ ಬೆಕ್ಕಿಗೆ ಉಗುರಿಲ್ಲದಿದ್ದರೆ ಇಲಿ ಹಿಡಿಯುವುದು ಕಷ್ಟ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಮರ ಅಥವಾ ಗೋಡೆ ಹತ್ತಿ ಜೀವ ಉಳಿಸಿಕೊಳ್ಳುವುದೂ ಕಷ್ಟ. ಪಾಶ್ಚಾತ್ಯ ನಗರಗಳಲ್ಲಿ ಮನೆಯೊಳಗೇ ಇರುವ ಬೆಕ್ಕುಗಳಿಗಾಗಿ ರೂಢಿಗೆ ಬಂದ ಈ ಶಸ್ತ್ರಚಿಕಿತ್ಸೆಯ ಅಪಾಯ ಇಲ್ಲಿ ಇನ್ನೂ ಹೆಚ್ಚು.

ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆ, 1984ರ ಪ್ರಕಾರ ಇಂತಹ ಶಸ್ತ್ರಚಿಕಿತ್ಸೆಯನ್ನು ನೋಂದಾಯಿತ ಪಶುವೈದ್ಯರಲ್ಲದವರು ಮಾಡುವಂತಿಲ್ಲ. ಪರಚುವಿಕೆ ಹಠಾತ್ತಾಗಿ ಹೆಚ್ಚಿದರೆ ಅದರ ಹಿಂದೆ ಭಯ ಅಥವಾ ಒತ್ತಡ ಇರಬಹುದಾದ್ದರಿಂದ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ಬೆಕ್ಕನ್ನು ತಪಾಸಣೆ ಮಾಡಿಸುವುದು ಸೂಕ್ತ.