ಬೀದಿ ಒಂದು, ಬಾಗಿಲು ಮೂರು

ಶ್ರೀರಾಂಪುರದ ಒಂದು ಇಕ್ಕಟ್ಟಿನ ಓಣಿಯಲ್ಲಿ ಜೋರು ಮಳೆ ಸುರಿದ ರಾತ್ರಿ ಕೊಳಚೆ ಉಕ್ಕಿ ಮನೆಯೊಳಗೆ ನುಗ್ಗಿತು ಎಂದುಕೊಳ್ಳಿ. ಬೆಳಗಾದರೆ ಅಕ್ಕಿ ಚೀಲ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲವೂ ಹಾಳು. ಪರಿಹಾರವನ್ನು ಯಾರಲ್ಲಿ ಕೇಳಬೇಕು? ಉಕ್ಕಿದ್ದು ಮ್ಯಾನ್‌ಹೋಲ್ ಆದರೆ ಜಲಮಂಡಳಿ, ಮಳೆನೀರಿನ ಮೋರಿಯಾದರೆ ಪಾಲಿಕೆ. ಅದೇ ಓಣಿಯ ತಿರುವಿಗೆ ಏಕಮುಖ ಸಂಚಾರದ ಫಲಕ ಬೇಕಿದ್ದರೆ ಸಂಚಾರ ಪೊಲೀಸರು. ಒಂದೇ ಬೀದಿಗೆ ಇಷ್ಟು ಬಾಗಿಲುಗಳು ಹೇಗೆ ಬಂದವು?

1898ರ ಪ್ಲೇಗಿನ ನಂತರ ಮಲ್ಲೇಶ್ವರ ಮತ್ತು ಬಸವನಗುಡಿಗಳು ಯೋಜನೆಯಂತೆ ಬೆಳೆದವು. ನೇರ ಅಡ್ಡರಸ್ತೆಗಳು, ಮನೆಗಳ ಹಿಂದೆ ಹೊಲಸು ಸಾಗಿಸಲು ಕನ್ಸರ್ವೆನ್ಸಿ ಓಣಿಗಳು ಅಲ್ಲಿದ್ದವು. ಪಕ್ಕದ ಶ್ರೀರಾಂಪುರಕ್ಕೆ ಆ ಭಾಗ್ಯ ಸಿಗಲಿಲ್ಲ. ಈಗ ಮಂತ್ರಿ ಮಾಲ್ ಇರುವ ಜಾಗದಲ್ಲಿ ಹಿಂದೆ ಇದ್ದದ್ದು ರಾಜಾ ಮಿಲ್ಲು. ಇಂಥ ಗಿರಣಿಗಳ ಕಾರ್ಮಿಕರು ನೆಲೆಸಿದ ಈ ಬಡಾವಣೆ ಗೋಡೆಗೆ ಗೋಡೆ ತಾಗಿಕೊಂಡೇ ಬೆಳೆಯಿತು. ನೀರಿಗೆ ಹರಿಯಲು ಜಾಗ ಕಡಿಮೆ, ಜನಕ್ಕೆ ನಡೆಯಲು ಇನ್ನೂ ಕಡಿಮೆ.

1949ರಲ್ಲಿ ನಗರ ಮತ್ತು ದಂಡುಪ್ರದೇಶದ ಪುರಸಭೆಗಳು ಸೇರಿ ಬೆಂಗಳೂರು ಕಾರ್ಪೊರೇಷನ್ ಆದಾಗ ರಸ್ತೆಯೂ ಒಳಚರಂಡಿಯೂ ಅದರ ಕೈಯಲ್ಲೇ ಇದ್ದವು. 1964ರಲ್ಲಿ ಜಲಮಂಡಳಿ ಬಂದು ಒಳಚರಂಡಿ ಅಲ್ಲಿಗೆ ಹೋಯಿತು. ಕಾವೇರಿ ನೀರು ತರುವಷ್ಟು ದೊಡ್ಡ ಕೆಲಸಕ್ಕೆ ಪ್ರತ್ಯೇಕ ಸಂಸ್ಥೆ ಬೇಕಿತ್ತು ಎಂಬುದೂ ನಿಜವೇ. ಆದರೆ ಮಳೆನೀರಿನ ಮೋರಿ ಪಾಲಿಕೆಯಲ್ಲೇ ಉಳಿಯಿತು. ಕೊಳಚೆಗೆ ಈ ಗಡಿ ಗೊತ್ತಿಲ್ಲ. ಕೊಳವೆ ಕಟ್ಟಿಕೊಂಡರೆ ಅದು ಮೋರಿಗೆ ಹರಿಯುತ್ತದೆ, ಮೋರಿ ತುಂಬಿದರೆ ಮನೆಗೆ ಬರುತ್ತದೆ. ಆಗ ಎರಡೂ ಕಚೇರಿಗಳು ಬೆರಳು ತೋರಿಸಲು ಇನ್ನೊಂದು ಕಚೇರಿ ಇದ್ದೇ ಇರುತ್ತದೆ. ಕೊಳವೆಗೆಂದು ಅಗೆದ ಗುಂಡಿಯ ಪಕ್ಕ ಎಚ್ಚರಿಕೆಯ ಫಲಕ ಇಲ್ಲದಿದ್ದರೂ ಅದೇ ಕಥೆ.

ಕಾನೂನು ಮಾತ್ರ ಜನರ ಕೈಬಿಟ್ಟಿಲ್ಲ. ಮಧ್ಯಪ್ರದೇಶದ ರತ್ಲಾಂ ಊರಿನ ನಿವಾಸಿಗಳು ತೆರೆದ ಚರಂಡಿಯ ನಾತ ತಾಳಲಾರದೆ ಮ್ಯಾಜಿಸ್ಟ್ರೇಟರ ಮೊರೆಹೋದರು. ಚರಂಡಿ ಸರಿಪಡಿಸಲು ದುಡ್ಡಿಲ್ಲ ಎಂದು ಪುರಸಭೆ ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ವಾದವನ್ನು ಒಪ್ಪಲಿಲ್ಲ. ಹಣವಿಲ್ಲವೆಂಬ ಕಾರಣಕ್ಕೆ ಶಾಸನ ಹೊರಿಸಿದ ಕರ್ತವ್ಯದಿಂದ ಪುರಸಭೆ ನುಣುಚಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ನಮ್ಮಲ್ಲೂ 2019ರ ಜುಲೈಯಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ, ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಹಕ್ಕಿಗೆ ಸೇರಿದ್ದು, ರಸ್ತೆಯ ದುಃಸ್ಥಿತಿಯಿಂದ ನೊಂದವರು ಪರಿಹಾರ ಕೇಳಬಹುದು ಎಂದು ಹೇಳಿತು.

ಹಕ್ಕೇನೋ ಇದೆ. ಆದರೆ ದಿನಗೂಲಿ ಬಿಟ್ಟು ಕೋರ್ಟಿಗೆ ಅಲೆಯುವುದು ಎಷ್ಟು ಜನರಿಗೆ ಸಾಧ್ಯ? ಅಂಥವರಿಗೆ ಇದ್ದ ಹತ್ತಿರದ ದಾರಿ ವಾರ್ಡಿನ ಕಾರ್ಪೊರೇಟರ್. ಮೋರಿಗೂ ಫಲಕಕ್ಕೂ ಪೈಪಿಗೂ ಜನ ತಟ್ಟುತ್ತಿದ್ದದ್ದು ಅವರ ಮನೆಯ ಬಾಗಿಲನ್ನೇ. ಅವರಿಗೆ ಎಲ್ಲ ಅಧಿಕಾರವೂ ಇರಲಿಲ್ಲ. ಆದರೂ ಮೂರು ಕಚೇರಿಗೆ ಫೋನು ಮಾಡುವ ಕೆಲಸ ಜನರಿಂದ ಅವರ ಹೆಗಲಿಗೆ ದಾಟುತ್ತಿತ್ತು. ಮಾಡದಿದ್ದರೆ ಮುಂದಿನ ಚುನಾವಣೆಯಲ್ಲಿ ಉತ್ತರ ಕೊಡಬೇಕಿತ್ತು.

198 ವಾರ್ಡುಗಳ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆ ನಡೆಯಲಿಲ್ಲ, ಅಧಿಕಾರಿಗಳೇ ಆಡಳಿತ ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು.

ನಗರಾಡಳಿತದ ಚರಿತ್ರೆ ಬರೆಯುವಾಗ ನಾವು ಕಾಯ್ದೆಗಳನ್ನೂ ಗಡಿಗಳನ್ನೂ ಎಣಿಸುತ್ತೇವೆ. ಅಕ್ಕಿ ನೆನೆದ ಮನೆಯವರು ಎಣಿಸುವುದು ಬೇರೆ: ಎಷ್ಟು ಬಾಗಿಲು ತಟ್ಟಿದೆವು, ಯಾರು ತೆರೆದರು. ಪಾಲಿಕೆ ಒಂದಿರಲಿ ಐದಿರಲಿ, ಆ ಲೆಕ್ಕ ಕಡಿಮೆಯಾಗದಿದ್ದರೆ ಶ್ರೀರಾಂಪುರದ ಓಣಿಗೆ ಬದಲಾದದ್ದು ಫಲಕದ ಮೇಲಿನ ಹೆಸರು ಮಾತ್ರ.