ಬೊಜ್ಜಿನ ಶಸ್ತ್ರಚಿಕಿತ್ಸೆ ಸುಲಭದ ದಾರಿಯೇ? ಹೊಳೆಮಣ್ಣೂರನ್ನು ಮುಂದಿಟ್ಟುಕೊಂಡು ಒಂದು ಪರಿಶೀಲನೆ

ಸಾರಾಂಶ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ದುಡಿಯಲೊಲ್ಲದವರ ಅಡ್ಡದಾರಿ ಎಂಬ ಆಕ್ಷೇಪವನ್ನು ಈ ಲೇಖನ ಎರಡು ನೆಲೆಗಳಲ್ಲಿ ಪರೀಕ್ಷಿಸುತ್ತದೆ. ಹಸಿವು ಮತ್ತು ತೂಕದ ಬಗ್ಗೆ ಶರೀರಶಾಸ್ತ್ರ ಏನು ಹೇಳುತ್ತದೆ ಎಂಬುದು ಒಂದು. ಶಸ್ತ್ರಚಿಕಿತ್ಸೆಯ ನಂತರದ ಬದುಕು ಏನೇನು ಬೇಡುತ್ತದೆ ಎಂಬುದು ಇನ್ನೊಂದು. ಪ್ರಕಟಿತ ಅಧ್ಯಯನಗಳು ಮತ್ತು ಸರ್ಕಾರಿ ಸಮೀಕ್ಷೆಗಳು ಇದಕ್ಕೆ ಆಧಾರ. ಎರಡನೆಯ ನೆಲೆಗೆ ಗದಗ ಜಿಲ್ಲೆ ರೋಣ ತಾಲ್ಲೂಕಿನ ಹೊಳೆಮಣ್ಣೂರನ್ನು ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ. ಆಕ್ಷೇಪಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಜೀವನಪರ್ಯಂತದ ತಪಾಸಣೆ ಕೈಗೆಟುಕದ ಕಡೆ ಇದೇ ಚಿಕಿತ್ಸೆ ಅಪಾಯಕ್ಕೆ ದಾರಿಯಾಗಬಲ್ಲದು ಎಂಬುದು ಲೇಖನದ ತೀರ್ಮಾನ.

ಕೀಲಿಪದಗಳು: ಬೊಜ್ಜು, ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆ, ಮಧುಮೇಹ, ಪೋಷಕಾಂಶ ಕೊರತೆ, ಗ್ರಾಮೀಣ ಆರೋಗ್ಯ, ಗದಗ ಜಿಲ್ಲೆ

1. ಪೀಠಿಕೆ

ಹೊಳೆಮಣ್ಣೂರಿನಂಥ, ಮಲಪ್ರಭೆಯ ದಂಡೆಯ ಎರಿ ಭೂಮಿಯ ಊರುಗಳಲ್ಲಿ ಬರ, ನೆರೆ, ಅರೆಹೊಟ್ಟೆಗಳ ಇತಿಹಾಸ ದೊಡ್ಡದು. ಇಂಥ ಕಡೆ ಬೊಜ್ಜನ್ನು ಸಂಶೋಧನೆಯ ವಿಷಯ ಮಾಡುವುದು ವಿಚಿತ್ರವೆನಿಸಬಹುದು. ಅಂಕಿಗಳು ಬೇರೆ ಹೇಳುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ಕರ್ನಾಟಕದ ಮಹಿಳೆಯರಲ್ಲಿ ಶೇ. 23.3ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರಾಗಿದ್ದರು. ಐದನೆಯ ಸುತ್ತಿನ (2019-21) ಹೊತ್ತಿಗೆ ಅದು ಶೇ. 30.1ಕ್ಕೆ ಏರಿತು. ಪುರುಷರಲ್ಲಿ ಶೇ. 22.1 ಇದ್ದದ್ದು ಶೇ. 30.9 ಆಯಿತು. ಅದೇ ಐದನೆಯ ಸುತ್ತಿನಲ್ಲಿ ರಾಜ್ಯದ ಶೇ. 47.8ರಷ್ಟು ಮಹಿಳೆಯರಿಗೆ ರಕ್ತಹೀನತೆ ಇತ್ತು. ಮೈಯಲ್ಲಿ ಕೊಬ್ಬು ಹೆಚ್ಚುತ್ತಿರುವ ಸಮಾಜದಲ್ಲೇ ರಕ್ತಹೀನತೆಯೂ ಇದೆ. ಈ ಜೋಡಿ ಸ್ಥಿತಿಯನ್ನು ಮರೆತು ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ಚರ್ಚಿಸಲಾಗದು.

ದಪ್ಪ ಮೈಯವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈ ಭಾಗದಲ್ಲಿ ಸಿಗುವ ಸಲಹೆ ಒಂದೇ: ‘ಹೊಲದಾಗ ದುಡದ್ರ ತಾನ ಕರಗತೈತಿ.’ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮೇಲಿನ ಟೀಕೆಯೂ ಇದೇ ತರ್ಕದಿಂದ ಹುಟ್ಟುತ್ತದೆ. ದುಡಿದು ಕರಗಿಸಬೇಕಾದದ್ದನ್ನು ದುಡ್ಡು ಕೊಟ್ಟು ಕೊಯ್ಸಿಕೊಂಡರು ಎಂಬುದು ಆ ಟೀಕೆಯ ಸಾರ. ಇದರ ಹಿಂದೆ ಎರಡು ಪೂರ್ವಗ್ರಹಿಕೆಗಳಿವೆ: ತೂಕ ಪೂರ್ತಿಯಾಗಿ ಮನಸ್ಸಿನ ಹಿಡಿತದಲ್ಲಿದೆ, ಶಸ್ತ್ರಚಿಕಿತ್ಸೆ ಆದ ಮೇಲೆ ಶ್ರಮ ಮುಗಿಯುತ್ತದೆ. ಎರಡನ್ನೂ ಒಂದೊಂದಾಗಿ ನೋಡೋಣ.

2. ಯಾವ ಶಸ್ತ್ರಚಿಕಿತ್ಸೆ?

ಮೊದಲು ಒಂದು ಗೊಂದಲ ನಿವಾರಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆ ನಟಿ, 21 ವರ್ಷದ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ರಾಜ್ಯದ ಮನೆಮನೆಯಲ್ಲೂ ಚರ್ಚೆಯಾದ ಆ ಸಾವು ‘ತೂಕ ಇಳಿಸುವ ಆಪರೇಶನ್’ ಎಂಬ ಒಂದೇ ಹೆಸರಿನಡಿ ಹಲವರ ನೆನಪಿನಲ್ಲಿ ಉಳಿದಿದೆ. ಆದರೆ ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ದೇಹದ ಆಕಾರ ತಿದ್ದುವ ಸೌಂದರ್ಯ ಚಿಕಿತ್ಸೆ. ಅದು ಹಸಿವನ್ನು ಬದಲಿಸುವುದಿಲ್ಲ, ಬೊಜ್ಜಿನ ಕಾಯಿಲೆಗೆ ಮದ್ದೂ ಅಲ್ಲ. ಈ ಲೇಖನದ ವಿಷಯ ಜಠರ ಮತ್ತು ಕರುಳಿನ ಮೇಲೆ ನಡೆಯುವ ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆ.

ಇದರಲ್ಲಿ ಇಂದು ಎರಡು ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕಿರಿದಾದ ಕೊಳವೆಯಂತೆ ಹೊಲಿಯುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮಧ್ಯಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಇದರ ಮೂಲರೂಪವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದರು.

ಯಾರಿಗೆ ಮಾಡಬೇಕು ಎಂಬುದಕ್ಕೂ ಅಳತೆಯಿದೆ. ದಕ್ಷಿಣ ಏಷ್ಯಾದವರಲ್ಲಿ ಕಡಿಮೆ ತೂಕದಲ್ಲೇ ಕೊಬ್ಬಿನ ಪ್ರಮಾಣ ಹೆಚ್ಚಿರುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಇದನ್ನು 2004ರಲ್ಲಿ ತಮ್ಮ ದೇಹಗಳನ್ನೇ ಉದಾಹರಿಸಿ ತೋರಿಸಿದರು: ಇಬ್ಬರ ದೇಹ ತೂಕ ಸೂಚ್ಯಂಕ (ಬಿಎಂಐ) 22.3, ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ಆದ್ದರಿಂದ 2009ರ ಭಾರತೀಯ ತಜ್ಞರ ಒಮ್ಮತದ ಮಾರ್ಗಸೂಚಿ ಶಸ್ತ್ರಚಿಕಿತ್ಸೆಯ ಗಡಿಯನ್ನು 37.5ಕ್ಕೆ, ಜೊತೆಗೆ ಮಧುಮೇಹದಂಥ ಕಾಯಿಲೆಯಿದ್ದರೆ 32.5ಕ್ಕೆ ಇಳಿಸಿತು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2019ರಲ್ಲಿ ರೂಪಿಸಿದ ಏಕರೂಪದ ಷರತ್ತು ಕೇಳುವುದು 40. ತೀವ್ರ ಕಾಯಿಲೆಗಳಿದ್ದರೆ 35. ಈ ಅಂತರದ ಅರ್ಥ ಹೀಗೆ: 155 ಸೆಂ.ಮೀ. ಎತ್ತರದ, ಮಧುಮೇಹ ಹತೋಟಿಗೆ ಬಾರದ ಮಹಿಳೆ 78 ಕೆ.ಜಿ. ಮುಟ್ಟಿದಾಗ ವೈದ್ಯಕೀಯವಾಗಿ ಅರ್ಹಳು, ವಿಮೆಗೆ ಅರ್ಹಳಾಗಲು 84 ಕೆ.ಜಿ. ಆಗಬೇಕು. ನಡುವಿನ ಆರು ಕೆ.ಜಿ.ಯಲ್ಲಿ ಇರುವವಳು ಖರ್ಚನ್ನು ಸ್ವಂತ ಕೈಯಿಂದಲೇ ಭರಿಸಬೇಕು. ಖಾಸಗಿ ಆಸ್ಪತ್ರೆಗಳಲ್ಲಿ ಅದು ಕೆಲವು ಲಕ್ಷ ರೂಪಾಯಿ. ಗಮನಿಸಬೇಕಾದ ಇನ್ನೊಂದು ಸಂಗತಿ, ಶಸ್ತ್ರಚಿಕಿತ್ಸೆಯಲ್ಲದ ಉಪಾಯಗಳು ಸೋತಿರಬೇಕು ಎಂಬುದನ್ನೂ ವಿಮಾ ಷರತ್ತು ಕೇಳುತ್ತದೆ. ಪಥ್ಯ, ನಡಿಗೆ, ಮದ್ದು ಎಲ್ಲ ಪ್ರಯತ್ನಿಸಿ ಸೋತವರು ಕೊನೆಗೆ ಬರುವ ಬಾಗಿಲನ್ನು ಶ್ರಮ ತಪ್ಪಿಸುವ ದಾರಿ ಎನ್ನುವುದು ಹೇಗೆ?

3. ಮನೋಬಲದ ವಾದ ಮತ್ತು ದೇಹದ ಪ್ರತಿರೋಧ

ಪಥ್ಯದಿಂದ ತೂಕ ಇಳಿಯುತ್ತದೆ, ಅದರಲ್ಲಿ ವಿವಾದವಿಲ್ಲ. ಇಳಿದ ತೂಕ ನಿಲ್ಲುವುದೇ ಕಷ್ಟ. ಆಸ್ಟ್ರೇಲಿಯಾದಲ್ಲಿ ಪ್ರಿಯಾ ಸುಮಿತ್ರನ್ ಮತ್ತು ಸಂಗಡಿಗರು 50 ಮಂದಿಗೆ ಹತ್ತು ವಾರ ಅತಿ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಒಂದು ವರ್ಷ ಕಳೆದ ಮೇಲೂ ಅವರ ರಕ್ತದಲ್ಲಿ ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಿಯೇ ಇತ್ತು, ಹೊಟ್ಟೆ ತುಂಬಿದ ಭಾವ ಕೊಡುವ ಹಾರ್ಮೋನುಗಳು ತಗ್ಗಿಯೇ ಇದ್ದವು. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಕಳೆದುಕೊಂಡಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ 2016ರ ವರದಿ ಇನ್ನೂ ಕಟುವಾದದ್ದು: ಬಹುಪಾಲು ತೂಕ ಮರಳಿತ್ತು, ವಿಶ್ರಾಂತಿಯಲ್ಲಿ ದೇಹ ಉರಿಸುವ ಶಕ್ತಿ ಮಾತ್ರ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯೇ ಉಳಿದಿತ್ತು. ಬರಗಾಲದಲ್ಲಿ ಜೀವ ಉಳಿಸಿದ ವ್ಯವಸ್ಥೆಯೇ ಇದು. ಇಳಿದ ತೂಕವನ್ನು ದೇಹ ಅಪಾಯವೆಂದು ಓದಿಕೊಂಡು, ಹಸಿವು ಹೆಚ್ಚಿಸಿ, ಖರ್ಚು ತಗ್ಗಿಸುತ್ತದೆ.

ಶಸ್ತ್ರಚಿಕಿತ್ಸೆ ಕೆಲಸ ಮಾಡುವುದು ಇಲ್ಲೇ. ಡೇವಿಡ್ ಕಮಿಂಗ್ಸ್ ಮತ್ತು ಸಂಗಡಿಗರ 2002ರ ಅಧ್ಯಯನದಲ್ಲಿ ಪಥ್ಯದಿಂದ ತೂಕ ಇಳಿಸಿದವರ ಗ್ರೆಲಿನ್ ಶೇ. 24ರಷ್ಟು ಏರಿತ್ತು, ಬೈಪಾಸ್ ಆದವರಲ್ಲಿ ಅದು ಸಹಜ ತೂಕದವರಿಗಿಂತ ಶೇ. 77ರಷ್ಟು ಕಡಿಮೆಯಿತ್ತು. ಸ್ಲೀವ್ ವಿಧಾನದಲ್ಲಿ ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಜಠರದ ಭಾಗವೇ ಹೋಗುತ್ತದೆ. ಅಂದರೆ ಶಸ್ತ್ರಚಿಕಿತ್ಸೆ ಪ್ರಯತ್ನದ ಜಾಗದಲ್ಲಿ ಕೂರುವುದಿಲ್ಲ, ಪ್ರಯತ್ನ ಫಲಿಸುವಂಥ ಸ್ಥಿತಿಯನ್ನು ಒದಗಿಸುತ್ತದೆ. ಹೊಲದ ದುಡಿತಕ್ಕೂ ಇದೇ ಮಾತು ಅನ್ವಯಿಸುತ್ತದೆ. ದುಡಿತ ಆರೋಗ್ಯಕ್ಕೆ ಒಳ್ಳೆಯದು. ಆದರೆ 90 ಕೆ.ಜಿ. ಮೈ ಹೊತ್ತು, ಸವೆದ ಮೊಣಕಾಲಲ್ಲಿ ಹತ್ತಿ ಬಿಡಿಸುವವಳಿಗೆ ‘ಇನ್ನೂ ದುಡಿ’ ಎನ್ನುವುದು ಚಿಕಿತ್ಸೆಯಾಗದು.

4. ಫಲ ಮತ್ತು ಬೆಲೆ

ದೀರ್ಘಾವಧಿಯ ಸಾಕ್ಷ್ಯಗಳಲ್ಲಿ ಮುಖ್ಯವಾದುದು 1987ರಲ್ಲಿ ಆರಂಭವಾದ ಸ್ವೀಡನ್ನಿನ ಎಸ್‌ಒಎಸ್ ಅಧ್ಯಯನ. ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವಿನ ಸಂಭವ ಶೇ. 29ರಷ್ಟು ಕಡಿಮೆ ಎಂದು ಅದರ 2007ರ ವರದಿ ತೋರಿಸಿತು. 2020ರ ವರದಿಯಂತೆ ಅವರ ಆಯುಷ್ಯ ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಸುಮಾರು ಮೂರು ವರ್ಷ ಹೆಚ್ಚು. ಆದರೂ ಸಾರ್ವತ್ರಿಕ ಜನಸಂಖ್ಯೆಗಿಂತ 5.5 ವರ್ಷ ಕಡಿಮೆ. ಶಸ್ತ್ರಚಿಕಿತ್ಸೆಯ 90 ದಿನದೊಳಗಿನ ಸಾವು ಶೇ. 0.2. ಮಧುಮೇಹದ ವಿಷಯದಲ್ಲಿ ಕ್ಲೀವ್‌ಲ್ಯಾಂಡಿನ ಸ್ಟಾಂಪೀಡ್ ಪ್ರಯೋಗದ ಐದು ವರ್ಷದ ಫಲ 2017ರಲ್ಲಿ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದವರು ಔಷಧಿ ಗುಂಪಿನಲ್ಲಿ ಶೇ. 5, ಸ್ಲೀವ್ ಗುಂಪಿನಲ್ಲಿ ಶೇ. 23, ಬೈಪಾಸ್ ಗುಂಪಿನಲ್ಲಿ ಶೇ. 29. ಲಾಭ ದೊಡ್ಡದು. ಆದರೆ ಶಸ್ತ್ರಚಿಕಿತ್ಸೆಯಾದ ಹತ್ತು ಜನರಲ್ಲಿ ಏಳು ಮಂದಿ ಈ ಗುರಿ ಮುಟ್ಟಲಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ.

ಬೆಲೆಯೂ ಇದೆ. ಅಮೆರಿಕದ ಯೂಟಾ ರಾಜ್ಯದ 2007ರ ಅಧ್ಯಯನದಲ್ಲಿ ಬೈಪಾಸ್ ಆದವರ ಒಟ್ಟು ಸಾವು ಶೇ. 40ರಷ್ಟು ಇಳಿದಿದ್ದರೂ, ಅಪಘಾತ, ಆತ್ಮಹತ್ಯೆಯಂಥ ರೋಗೇತರ ಸಾವುಗಳು ಶೇ. 58ರಷ್ಟು ಹೆಚ್ಚಿದ್ದವು. 2012ರ ಇನ್ನೊಂದು ಅಧ್ಯಯನ ಎರಡನೆಯ ವರ್ಷದಲ್ಲಿ ಮದ್ಯದ ಚಟ ಶೇ. 7.6ರಿಂದ 9.6ಕ್ಕೆ ಏರಿದ್ದನ್ನು ದಾಖಲಿಸಿತು. ಬೈಪಾಸ್ ಆದ ಮೇಲೆ ಮದ್ಯ ಬೇಗನೆ ರಕ್ತ ಸೇರುವುದು ಅದಕ್ಕೊಂದು ಕಾರಣ. ತಿಂಗಳುಗಟ್ಟಲೆ ಕೂದಲುದುರುವಿಕೆ, ಪಿತ್ತಕೋಶದ ಕಲ್ಲು, ಜೋತುಬಿದ್ದ ಚರ್ಮ, ಕೆಲವರಲ್ಲಿ ಮರಳಿ ಏರುವ ತೂಕ, ಹೆಣ್ಣುಮಕ್ಕಳು 12ರಿಂದ 18 ತಿಂಗಳು ಗರ್ಭಧಾರಣೆ ಮುಂದೂಡಬೇಕೆಂಬ ಸೂಚನೆ, ಇವೆಲ್ಲ ಮೊದಲೇ ತಿಳಿದಿರಬೇಕಾದ ಸಂಗತಿಗಳು.

ತೂಕ ಇಳಿಸಲೆಂದು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಚುಚ್ಚುಮದ್ದುಗಳು ಈ ಚರ್ಚೆಯನ್ನು ಮುಗಿಸಿಲ್ಲ. ಅವುಗಳಲ್ಲೊಂದಾದ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತೆಂದು 2022ರ ವರದಿ ಹೇಳುತ್ತದೆ. ಬೊಜ್ಜು ದೀರ್ಘಕಾಲದ ಕಾಯಿಲೆ ಎಂಬುದನ್ನು ಈ ಫಲಿತಾಂಶವೂ ಸಮರ್ಥಿಸುತ್ತದೆ.

5. ಹೊಳೆಮಣ್ಣೂರಿನ ತಾಟಿನಲ್ಲಿ 60 ಗ್ರಾಂ ಪ್ರೋಟೀನು

ಶಸ್ತ್ರಚಿಕಿತ್ಸೆಯ ನಂತರ ಮೊದಲ ಎರಡು ವಾರ ನೀರಾದ ಆಹಾರ, ಆಮೇಲೆ ನುಣ್ಣಗೆ ಅರೆದದ್ದು, ಬಳಿಕ ಮೆತ್ತಗಿನದು. ಮುಂದೆಯೂ ಒಂದು ಹೊತ್ತಿಗೆ ಸಣ್ಣ ಬಟ್ಟಲಿನಷ್ಟೇ ಊಟ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಇಷ್ಟರಲ್ಲೇ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಸೇರಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ಈ ಲೆಕ್ಕವನ್ನು ರೋಣ ಭಾಗದ ಸಸ್ಯಾಹಾರಿ ಮನೆಯ ಊಟಕ್ಕೆ ಅನ್ವಯಿಸಿ ನೋಡಬಹುದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಹೆಸರುಕಾಳಿನಲ್ಲಿ 22 ಗ್ರಾಂ, ಶೇಂಗಾದಲ್ಲಿ 24 ಗ್ರಾಂ ಪ್ರೋಟೀನು ಇದೆ. ತಲಾ ಅರವತ್ತು ಗ್ರಾಂ ಹಿಟ್ಟಿನ ಎರಡು ರೊಟ್ಟಿಯಿಂದ 12, ಮೂವತ್ತು ಗ್ರಾಂ ಕಾಳಿನ ಪಲ್ಯದಿಂದ 7, ಅಷ್ಟೇ ಶೇಂಗಾ ಹಿಂಡಿಯಿಂದ 7, ಇನ್ನೂರು ಗ್ರಾಂ ಮೊಸರಿನಿಂದ 6, ಕಾಲು ಲೀಟರ್ ಹಾಲಿನಿಂದ 8. ಒಟ್ಟು 40 ಗ್ರಾಂ. ಇದು ಆರೋಗ್ಯವಂತರ ಜಠರದ ಲೆಕ್ಕ. ಹೊಸದಾಗಿ ಶಸ್ತ್ರಚಿಕಿತ್ಸೆಯಾದವರಿಗೆ ಇಡೀ ರೊಟ್ಟಿಯೇ ಇಳಿಯದು. ಕಾಳನ್ನು ಮೊದಲು, ರೊಟ್ಟಿಯನ್ನು ಕೊನೆಗೆ ತಿನ್ನುವುದು, ಜುಣಕ, ತಿಳಿಮಾಡಿದ ಬೇಳೆ, ಮೊಸರನ್ನು ದಿನವಿಡೀ ಹಂಚಿಕೊಳ್ಳುವುದು, ಸಾಲದ್ದಕ್ಕೆ ಪ್ರೋಟೀನು ಪುಡಿ: ಹೀಗೆ ಊಟದ ಕ್ರಮವನ್ನೇ ತಲೆಕೆಳಗು ಮಾಡಬೇಕಾಗುತ್ತದೆ. ಪಂಚಮಿಯ ಉಂಡಿ, ಹೋಳಿಗೆಯಂಥ ಸಿಹಿ ತಿಂದರೆ, ವಿಶೇಷವಾಗಿ ಬೈಪಾಸ್ ಆದವರಿಗೆ, ಬೆವರು, ಎದೆಬಡಿತ, ತಲೆಸುತ್ತು ಬರಬಹುದು. ಒತ್ತಾಯ ಮಾಡಿ ಬಡಿಸುವುದೇ ಆದರವೆನಿಸಿದ ಸಮಾಜದಲ್ಲಿ, ಕೂಡುಕುಟುಂಬದ ಸೊಸೆಯೊಬ್ಬಳು ತನಗಾಗಿ ಬೇರೆ ಅಡುಗೆ, ಬೇರೆ ಹೊತ್ತು ಕೇಳುವುದು ಸಣ್ಣ ಸಂಗತಿಯಲ್ಲ.

ಇದರ ಮೇಲೆ ಜೀವನಪರ್ಯಂತ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಬೇಕು. ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರಿನಿಂದಷ್ಟೇ ಸ್ವಲ್ಪ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಅದರ ಹೀರಿಕೆಯೂ ತಗ್ಗುತ್ತದೆ. ಕೊರತೆ ನಿಧಾನವಾಗಿ ನರಗಳನ್ನು ಹಾಳುಮಾಡುತ್ತದೆ. ರಕ್ತಹೀನತೆ ಅರ್ಧದಷ್ಟು ಮಹಿಳೆಯರಲ್ಲಿ ಮೊದಲೇ ಇರುವ ರಾಜ್ಯದಲ್ಲಿ ಕಬ್ಬಿಣದ ಮಾತ್ರೆ ತಪ್ಪಿಸುವುದು ಅಪಾಯ.

6. ತಪಾಸಣೆಯ ದಾರಿ

ಹಳ್ಳಿಯ ಅನುಭವದಲ್ಲಿ ಶಸ್ತ್ರಚಿಕಿತ್ಸೆ ಎಂದರೆ ಒಮ್ಮೆ ಮುಗಿಯುವ ಕೆಲಸ. ಸಂತಾನಹರಣ, ಕಣ್ಣಿನ ಪೊರೆ, ಅಪೆಂಡಿಕ್ಸ್, ಎಲ್ಲವೂ ಗಾಯ ಮಾಗಿದರೆ ಮುಗಿಯಿತು. ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಮಾಡಿಸಿಕೊಂಡವರಾದ್ದರಿಂದ ಈ ಗ್ರಹಿಕೆ ಗಟ್ಟಿಯಾಗಿದೆ. ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ ಆ ದಿನ ಆರಂಭ ಮಾತ್ರ. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಆಹಾರತಜ್ಞರ ಸಲಹೆ, ಬೇಕಾದಾಗ ಮನೋವೈದ್ಯರ ನೆರವು ಬೇಕು.

ಹೊಳೆಮಣ್ಣೂರಿನಿಂದ ಇದಕ್ಕೆ ರೋಣಕ್ಕೆ, ಗದಗಿನ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ಹತ್ತಿರದ ಹೊಳೆಆಲೂರಿನಲ್ಲಿ ರೈಲು ನಿಲ್ದಾಣವಿದೆ. ಆದರೂ ಪ್ರತಿ ಭೇಟಿಗೆ ಒಂದು ದಿನದ ಕೂಲಿ ಹೋಗುತ್ತದೆ, ಮಹಿಳೆಯಾದರೆ ಜೊತೆಗೆ ಬರುವವರ ಕೂಲಿಯೂ ಸೇರುತ್ತದೆ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದ ನೀರು ಬಿಟ್ಟಾಗ, ಮಲಪ್ರಭೆಯ ದಂಡೆಯ ಊರುಗಳು ಮುಳುಗಿ ಜನ ಪರಿಹಾರ ಕೇಂದ್ರಗಳಲ್ಲಿದ್ದರು. ಅಲ್ಲಿ ಬಡಿಸುವ ಅನ್ನ ಸಾರು ಹಸಿದವರನ್ನು ಉಳಿಸುತ್ತದೆ. ಆದರೆ ಬೈಪಾಸ್ ಆದವರೊಬ್ಬರ ಪ್ರೋಟೀನನ್ನೂ ಮಾತ್ರೆಗಳನ್ನೂ ಒದಗಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ತೂಕ, ಸಕ್ಕರೆ ನೋಡುವಷ್ಟೇ ಜಾಗ್ರತೆಯಿಂದ ಆತನ ಊರು, ರಸ್ತೆ, ಮನೆಯ ಆದಾಯವನ್ನೂ ನೋಡಬೇಕಾದ ಕಾರಣ ಇದು.

7. ಉಪಸಂಹಾರ

ಬೊಜ್ಜಿನ ಶಸ್ತ್ರಚಿಕಿತ್ಸೆ ಸುಲಭದ ದಾರಿ ಎಂಬ ಆಕ್ಷೇಪ ನಿಲ್ಲುವುದಿಲ್ಲ. ತೂಕವನ್ನು ಕಾಯುವ ಹಾರ್ಮೋನುಗಳ ಮುಂದೆ ಮನೋಬಲ ಸೋಲುವುದು ನಡತೆಯ ದೋಷವಲ್ಲ. ಶಸ್ತ್ರಚಿಕಿತ್ಸೆ ಆದ ಮೇಲೆ ಶ್ರಮ ಕಡಿಮೆಯಾಗುವುದೂ ಇಲ್ಲ. ಆದರೆ ಇದು ಎಲ್ಲರಿಗೂ ಸಲ್ಲುವ ದಾರಿಯೂ ಅಲ್ಲ. ಅರ್ಹತೆಯ ಗಡಿ ದಾಟಿದ, ಇತರ ಚಿಕಿತ್ಸೆಗಳಲ್ಲಿ ಸೋತ, ನಂತರದ ತಪಾಸಣೆ ಖಚಿತವಾಗಿರುವ ರೋಗಿಗೆ ಅದು ಯೋಗ್ಯ ಚಿಕಿತ್ಸೆ. ಈ ಕೊನೆಯ ಷರತ್ತು ರೋಗಿಯ ಕೈಯಲ್ಲಿಲ್ಲ, ಆರೋಗ್ಯ ವ್ಯವಸ್ಥೆಯ ಕೈಯಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿ12 ಚುಚ್ಚುಮದ್ದು, ಕಬ್ಬಿಣದ ದಾಸ್ತಾನಿನ ಪರೀಕ್ಷೆ ಮತ್ತು ವಾರಕ್ಕೊಂದು ದಿನವಾದರೂ ಆಹಾರತಜ್ಞರು ಸಿಗುವಂತಾಗಬೇಕು. ವಿಮೆಯ ಗಡಿ ಭಾರತೀಯ ಮಾರ್ಗಸೂಚಿಯ ಗಡಿಗೆ ಇಳಿಯಬೇಕು. ಶಸ್ತ್ರಚಿಕಿತ್ಸೆಯ ಶುಲ್ಕದಲ್ಲಿ ಕನಿಷ್ಠ ಐದು ವರ್ಷದ ತಪಾಸಣೆಯೂ ಸೇರಬೇಕು. ಈ ಮೂರು ಒದಗುವ ತನಕ, ಹೊಳೆಮಣ್ಣೂರಿನಂಥ ಊರಿನ ರೋಗಿಗೆ ಶಸ್ತ್ರಚಿಕಿತ್ಸೆಯ ದಿನಾಂಕ ಕೊಡುವ ಮೊದಲು ಮುಂದಿನ ಐದು ವರ್ಷದ ತಪಾಸಣೆ ಎಲ್ಲಿ, ಯಾರ ಖರ್ಚಿನಲ್ಲಿ ಎಂಬುದನ್ನು ಬರೆದು ಕೊಡುವುದು ವೈದ್ಯರ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.