ಕಬ್ಬಿನ ಸೀಮೆಯ ಧೂಳು: ಸ್ಪೋರ್ಟ್ಸ್ ಕಾರಿಗೆ ಎಂಥ ಏರ್ ಫಿಲ್ಟರ್?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾಯಿತೆಂದರೆ ರಸ್ತೆಗಳ ಬಣ್ಣವೇ ಬದಲಾಗುತ್ತದೆ. ಗದ್ದೆಯಿಂದ ಹೊರಬರುವ ಟ್ರ್ಯಾಕ್ಟರುಗಳ ಗಾಲಿಗೆ ಮೆತ್ತಿದ ಎರೆಮಣ್ಣು ಡಾಂಬರಿನ ಮೇಲೆ ಉದುರಿ ಒಣಗುತ್ತದೆ. ಹಿಂದಿನಿಂದ ಬರುವ ಟ್ರೇಲರುಗಳ ಭಾರಕ್ಕೆ ಅದು ಹಿಟ್ಟಿನಂತಾಗಿ, ಪ್ರತಿ ವಾಹನದ ಹಿಂದೆಯೂ ಮೋಡವಾಗಿ ಏಳುತ್ತದೆ. ಉಗಾರದಿಂದ ನಿಪ್ಪಾಣಿಯವರೆಗೆ ಸಕ್ಕರೆ ಕಾರ್ಖಾನೆಗಳು ಹರಡಿರುವ ಈ ಸೀಮೆಯಲ್ಲಿ ಮಾರ್ಚ್‌ವರೆಗೂ ಇದೇ ಸ್ಥಿತಿ.

ನಿಪ್ಪಾಣಿಯನ್ನು ಹಾದುಹೋಗುವ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ವೇಗದ ಕಾರುಗಳಿಗೆ ಕೊರತೆಯಿಲ್ಲ. ಇಂಥ ಕಾರು ಕೊಂಡವರು ಸಾಮಾನ್ಯವಾಗಿ ಮೊದಲು ಬದಲಿಸಲು ಬಯಸುವ ಭಾಗವೇ ಏರ್ ಫಿಲ್ಟರ್. ಕಂಪನಿಯ ಫಿಲ್ಟರ್ ತೆಗೆದು ಹೊರ ಮಾರುಕಟ್ಟೆಯ ‘ಪರ್ಫಾರ್ಮೆನ್ಸ್’ ಫಿಲ್ಟರ್ ಹಾಕಿಸಿದರೆ ಗಾಳಿ ಸರಾಗವಾಗಿ ನುಗ್ಗಿ ಶಕ್ತಿ ಹೆಚ್ಚುತ್ತದೆ ಎಂಬುದು ಜಾಹೀರಾತಿನ ಭರವಸೆ. ಆದರೆ ಇಲ್ಲಿನ ರಸ್ತೆಗಳಲ್ಲಿ ಓಡುವ ಕಾರಿಗೆ ಮೊದಲು ಕೇಳಬೇಕಾದುದು ಫಿಲ್ಟರ್ ಎಷ್ಟು ಗಾಳಿ ಬಿಡುತ್ತದೆ ಎಂಬುದನ್ನಲ್ಲ, ಎಷ್ಟು ಧೂಳು ತಡೆಯುತ್ತದೆ ಎಂಬುದನ್ನು.

ಎಂಜಿನ್ನಿನ ಉಸಿರು

ಪೆಟ್ರೋಲ್ ಎಂಜಿನ್ನಿಗೆ 1 ಕಿಲೋ ಇಂಧನ ದಹಿಸಲು ಸುಮಾರು 14.7 ಕಿಲೋ ಗಾಳಿ ಬೇಕು. ಅಂದರೆ 1 ಲೀಟರ್ ಪೆಟ್ರೋಲ್ ಉರಿಯುವಷ್ಟರಲ್ಲಿ ಸುಮಾರು 9 ಸಾವಿರ ಲೀಟರ್ ಗಾಳಿ ಫಿಲ್ಟರನ್ನು ದಾಟಿರುತ್ತದೆ. ಆ ಗಾಳಿಯಲ್ಲಿರುವ ಮಣ್ಣಿನ ಕಣಗಳಲ್ಲಿ ಸ್ಫಟಿಕಶಿಲೆಯ ಅಂಶವಿದ್ದು, ಅದು ಉಕ್ಕಿಗೂ ಗೀರು ಹಾಕುವಷ್ಟು ಗಟ್ಟಿ. ಕಣ್ಣಿಗೆ ಕಾಣುವ ದಪ್ಪ ಕಣಗಳನ್ನು ಯಾವ ಫಿಲ್ಟರಾದರೂ ಹಿಡಿಯುತ್ತದೆ. ಅಪಾಯವಿರುವುದು ಸುಮಾರು 5ರಿಂದ 20 ಮೈಕ್ರಾನಿನ, ಅಂದರೆ ಕೂದಲೆಳೆಗಿಂತ ಎಷ್ಟೋ ಸಣ್ಣದಾದ ಕಣಗಳಿಂದ. ಅವು ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವಿನ ಎಣ್ಣೆಯ ಪದರಕ್ಕೆ ಸೇರಿ ಲೋಹವನ್ನು ಸವೆಸುತ್ತವೆ. ಟರ್ಬೊ ಇರುವ ಕಾರುಗಳಲ್ಲಿ ಅತಿವೇಗದಲ್ಲಿ ತಿರುಗುವ ಅದರ ರೆಕ್ಕೆಗಳಿಗೂ ಇವುಗಳಿಂದ ಪೆಟ್ಟು.

ಮೂರು ಬಗೆ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಫಿಲ್ಟರುಗಳಿವೆ. ಮೊದಲನೆಯದು, ಮಡಿಕೆಗಳುಳ್ಳ ಕಾಗದ ಅಥವಾ ಕೃತಕ ನಾರಿನ ಒಣ ಫಿಲ್ಟರ್. ಕಂಪನಿಗಳು ಕಾರಿನೊಂದಿಗೆ ಕೊಡುವುದು ಬಹುತೇಕ ಇದನ್ನೇ. ಎರಡನೆಯದು, ಎಣ್ಣೆ ಸವರಿದ ಹತ್ತಿಬಟ್ಟೆಯ ಪದರಗಳ ಫಿಲ್ಟರ್. ಇದನ್ನು ತೊಳೆದು, ಎಣ್ಣೆ ಹಚ್ಚಿ ಮತ್ತೆ ಮತ್ತೆ ಬಳಸಬಹುದು. ಮೂರನೆಯದು ಸ್ಪಂಜಿನಂಥ ಫೋಮ್ ಫಿಲ್ಟರ್.

ಎಣ್ಣೆಯಿಂದ ಧೂಳು ಹಿಡಿಯುವ ಉಪಾಯ ಈ ಭಾಗದ ರೈತರಿಗೆ ಹೊಸದಲ್ಲ. ಹಳೆಯ ಟ್ರ್ಯಾಕ್ಟರುಗಳ ‘ಆಯಿಲ್ ಬಾತ್’ ಫಿಲ್ಟರಿನಲ್ಲಿ ಗಾಳಿ ಎಣ್ಣೆಯ ಬಟ್ಟಲನ್ನು ಹಾದುಬರುತ್ತಿತ್ತು. ಬಟ್ಟಲಿನ ತಳದಲ್ಲಿ ಕೆಸರು ಕಟ್ಟಿದ್ದನ್ನು ಕಂಡವರಿಗೆ ಎಂಜಿನ್ ಎಷ್ಟು ಮಣ್ಣು ಎಳೆದುಕೊಳ್ಳುತ್ತದೆಂದು ವಿವರಿಸಬೇಕಿಲ್ಲ. ಹೊಸ ಟ್ರ್ಯಾಕ್ಟರುಗಳಲ್ಲಿ ಒಂದರೊಳಗೊಂದು ಕೂರುವ ಎರಡು ಒಣ ಫಿಲ್ಟರುಗಳಿರುವುದು ಸಾಮಾನ್ಯ. ಧೂಳಿನಲ್ಲೇ ದುಡಿಯುವ ಯಂತ್ರಗಳು ಎಣ್ಣೆಯಿಂದ ಒಣ ಫಿಲ್ಟರಿನತ್ತ ಸಾಗಿರುವುದನ್ನು ಕಾರಿನ ಮಾಲೀಕರೂ ಗಮನಿಸಬೇಕು.

ಶೇಕಡಾ ಲೆಕ್ಕದ ಮರ್ಮ

ಫಿಲ್ಟರುಗಳನ್ನು ‘ಐಎಸ್‌ಒ 5011’ ಎಂಬ ಅಂತರರಾಷ್ಟ್ರೀಯ ವಿಧಾನದಂತೆ ಪರೀಕ್ಷಿಸಲಾಗುತ್ತದೆ. ನಿಗದಿತ ಧೂಳನ್ನು ಗಾಳಿಯೊಡನೆ ಹಾಯಿಸಿ, ಫಿಲ್ಟರ್ ಹಿಡಿದದ್ದೆಷ್ಟು, ಗಾಳಿಗೆ ಒಡ್ಡಿದ ತಡೆಯೆಷ್ಟು, ಎಷ್ಟು ಧೂಳು ತುಂಬಿದ ಮೇಲೆ ಉಸಿರುಕಟ್ಟಿತು ಎಂದು ಅಳೆಯುತ್ತಾರೆ. ಉತ್ತಮ ಕಾಗದದ ಫಿಲ್ಟರ್ ಶೇ. 99ಕ್ಕೂ ಹೆಚ್ಚು ಧೂಳು ಹಿಡಿಯುತ್ತದೆ. ಹತ್ತಿಬಟ್ಟೆಯವು ಸಾಮಾನ್ಯವಾಗಿ ಅದಕ್ಕಿಂತ ಒಂದೆರಡು ಅಂಕ ಹಿಂದೆ.

ಶೇ. 99.5 ಮತ್ತು ಶೇ. 97ರ ನಡುವಿನ ಅಂತರ ಅಲ್ಪವೆನಿಸಬಹುದು. ಲೆಕ್ಕವನ್ನು ತಿರುಗಿಸಿ ನೋಡಬೇಕು. 100 ಗ್ರಾಂ ಧೂಳು ಬಂದಾಗ ಮೊದಲನೆಯದು ಎಂಜಿನ್ನಿಗೆ ಬಿಡುವುದು ಅರ್ಧ ಗ್ರಾಂ, ಎರಡನೆಯದು 3 ಗ್ರಾಂ. ಅಂದರೆ ಆರು ಪಟ್ಟು. ಸ್ವಚ್ಛ ಹೆದ್ದಾರಿಯಲ್ಲಿ ಆ 100 ಗ್ರಾಂ ಸೇರಲು ಬಹುಕಾಲ ಹಿಡಿದೀತು. ಕಬ್ಬಿನ ಗಾಡಿಗಳ ಸಾಲಿನ ಹಿಂದೆ ನಿತ್ಯ ಸಾಗುವ ಕಾರಿಗೆ ಅಷ್ಟು ಕಾಲ ಬೇಕಾಗದು. ಆದ್ದರಿಂದ ಕೊಳ್ಳುವ ಮುನ್ನ ಐಎಸ್‌ಒ 5011 ಅಂಕಿಗಳನ್ನು ಕೇಳುವುದು ಲೇಸು. ಗಾಳಿಯ ಹರಿವನ್ನಷ್ಟೇ ಹೊಗಳಿ ಶೋಧನೆಯ ಅಂಕಿ ಕೊಡದ ಫಿಲ್ಟರನ್ನು ಈ ಸೀಮೆಗೆ ಆರಿಸಬಾರದು.

ಶಕ್ತಿ ಎಷ್ಟು ಹೆಚ್ಚೀತು?

ವಾತಾವರಣದ ಒತ್ತಡ ಸುಮಾರು 100 ಕಿಲೋಪಾಸ್ಕಲ್. ಶುಚಿಯಾದ ಕಾಗದದ ಫಿಲ್ಟರಿನಿಂದ ಅದರಲ್ಲಿ ಕಡಿಮೆಯಾಗುವುದು ಒಂದೆರಡು ಕಿಲೋಪಾಸ್ಕಲ್ ಮಾತ್ರ. ಹೀಗಾಗಿ ಫಿಲ್ಟರನ್ನೇ ಕಿತ್ತೊಗೆದರೂ ಸಾಮಾನ್ಯ ಎಂಜಿನ್ನಿಗೆ ಸಿಗುವ ಲಾಭ ಅಷ್ಟಕ್ಕಷ್ಟೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನ, ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಹೇಳಿಕೊಳ್ಳುವಷ್ಟು ಕುಸಿಯದು, ಆದರೆ ವೇಗ ಪಡೆಯುವ ಸಾಮರ್ಥ್ಯ ಕುಗ್ಗುತ್ತದೆ ಎಂದು ತೋರಿಸಿತು. ದುಬಾರಿ ಫಿಲ್ಟರಿಗಿಂತ ಹೊಸ ಫಿಲ್ಟರ್ ಮುಖ್ಯ ಎಂಬುದು ಇದರ ಸಾರ.

ಡಬ್ಬಿ ತೆಗೆದು ಎಂಜಿನ್ ಪಕ್ಕದಲ್ಲೇ ಕೂರಿಸುವ ಶಂಕುವಿನಾಕಾರದ ತೆರೆದ ಫಿಲ್ಟರ್ ಗರ್ಜನೆಯನ್ನೇನೋ ಹೆಚ್ಚಿಸುತ್ತದೆ. ಆದರೆ ಅದು ಎಳೆದುಕೊಳ್ಳುವುದು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನು. ಗಾಳಿ 3 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸಾಂದ್ರತೆ ಸುಮಾರು ಶೇ. 1ರಷ್ಟು ತಗ್ಗುತ್ತದೆ. ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ ಗಳಿಸಿದ ಶಕ್ತಿಗಿಂತ ಕಳೆದುಕೊಂಡದ್ದೇ ಹೆಚ್ಚಾದೀತು.

ಮಳೆಗಾಲದ ನೀರು

ಧೂಳು ಈ ಸೀಮೆಯ ಒಂದು ಮುಖವಾದರೆ, ನೆರೆ ಇನ್ನೊಂದು. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ನಿಪ್ಪಾಣಿ ಸಮೀಪದ ಯಮಗರ್ಣಿ ಬಳಿ ಹೆದ್ದಾರಿ ಸಂಚಾರವೇ ನಿಂತಿತ್ತು. ತಂಪು ಗಾಳಿಗೆಂದು ಫಿಲ್ಟರನ್ನು ಬಂಪರಿನ ತಳದಲ್ಲಿ ಕೂರಿಸುವ ಜೋಡಣೆಗಳಿಗೆ ಮೊಣಕಾಲುದ್ದದ ನೀರೂ ಅಪಾಯಕಾರಿ. ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಕುಗ್ಗದು. ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ.

ಕಾನೂನು ಮತ್ತು ವಾರಂಟಿ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ವಾಹನದ ಮೂಲ ವಿವರಗಳನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಬದಲಾದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5 ಸಾವಿರ ರೂ. ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುತ್ತದೆ. ಮೂಲ ಡಬ್ಬಿಯೊಳಗೇ ಅದೇ ಅಳತೆಯ ಬೇರೆ ಫಿಲ್ಟರ್ ಹಾಕುವುದು ಸಾಮಾನ್ಯ ಬಿಡಿಭಾಗದ ಬದಲಾವಣೆ. ಡಬ್ಬಿ, ಕೊಳವೆಗಳನ್ನೇ ಕಿತ್ತು ಹೊಸ ಜೋಡಣೆ ಮಾಡಿಸಿದರೆ ಪ್ರಶ್ನೆಗಳು ಏಳುತ್ತವೆ. ಹೊಸ ಭಾಗದಿಂದಲೇ ಹಾನಿಯಾಯಿತೆಂದು ಕಂಡುಬಂದಲ್ಲಿ ಕಂಪನಿ ವಾರಂಟಿ ನಿರಾಕರಿಸಬಹುದು.

ಕೊಳ್ಳುವಾಗ, ಕೂರಿಸುವಾಗ

ಫಿಲ್ಟರಿನ ಮಡಿಕೆಗಳು ಸಮನಾಗಿರಬೇಕು. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟೂ ತೂತು ಕಾಣಬಾರದು. ಅಂಚಿನ ರಬ್ಬರ್ ಮೆತ್ತಗಿದ್ದು, ಡಬ್ಬಿಯ ಸುತ್ತ ಸಂದಿಲ್ಲದೆ ಕೂರಬೇಕು. ಶೋಧನೆ ಎಷ್ಟೇ ಉತ್ತಮವಿದ್ದರೂ ಅಂಚಿನ ಸಂದಿಯಿಂದ ನುಸುಳುವ ಗಾಳಿ ಶೋಧನೆಯಾಗದೆಯೇ ಒಳಹೋಗುತ್ತದೆ. ಹಳೆಯದನ್ನು ತೆಗೆದಾಗ ಅದರಾಚೆಯ ಕೊಳವೆಯನ್ನು ಬಿಳಿಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಸೋರಿಕೆಯಿದೆ ಎಂದರ್ಥ.

ಹತ್ತಿಬಟ್ಟೆಯ ಫಿಲ್ಟರನ್ನೇ ಹಾಕಿಸಿದ್ದರೆ, ತೊಳೆದ ಮೇಲೆ ಪೂರ್ಣ ಒಣಗಿಸಿ, ಹೇಳಿದಷ್ಟೇ ಎಣ್ಣೆ ಹಚ್ಚಬೇಕು. ಕಡಿಮೆಯಾದರೆ ಧೂಳು ದಾಟುತ್ತದೆ. ಹೆಚ್ಚಾದರೆ ಎಣ್ಣೆ ಹಾರಿ ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿಗೆ ಅಂಟಿ, ಇಂಧನದ ಲೆಕ್ಕ ತಪ್ಪುತ್ತದೆ. ಕಾಗದದ ಫಿಲ್ಟರಿಗೆ ಕಂಪ್ರೆಸರಿನಿಂದ ಜೋರಾಗಿ ಗಾಳಿ ಹೊಡೆಸಿದರೆ ಕಣ್ಣಿಗೆ ಕಾಣದ ಸೀಳುಗಳಾಗುತ್ತವೆ, ಬದಲಿಸುವುದೇ ಸುರಕ್ಷಿತ. ಕಾರಿನ ಕೈಪಿಡಿಗಳು ಧೂಳಿನ ಪ್ರದೇಶಕ್ಕೆ ಬೇಗನೆ ಬದಲಿಸಲು ಸೂಚಿಸುತ್ತವೆ. ಈ ಐದೂ ತಾಲ್ಲೂಕುಗಳ ಮಾಲೀಕರು ಆ ಸೂಚನೆಯನ್ನೇ ತಮ್ಮದೆಂದು ತಿಳಿದು, ಹಂಗಾಮಿನ ನಡುವೆ ಒಮ್ಮೆ ಪರೀಕ್ಷಿಸಿ, ಹಂಗಾಮು ಮುಗಿದೊಡನೆ ಹೊಸದನ್ನು ಹಾಕಿಸುವುದು ಒಳಿತು.

ಒಟ್ಟಿನಲ್ಲಿ, ರೇಸ್ ಟ್ರ್ಯಾಕಿಗಷ್ಟೇ ಇಳಿಯುವ ಕಾರಿಗೆ ತೆರೆದ ಫಿಲ್ಟರ್ ಒಪ್ಪೀತು. ಕಾಗವಾಡದಿಂದ ಅಥಣಿಗೆ, ರಾಯಬಾಗದಿಂದ ಚಿಕ್ಕೋಡಿಗೆ ನಿತ್ಯ ಓಡುವ ಕಾರಿಗೆ ಮೂಲ ಡಬ್ಬಿಯೊಳಗೆ ಬಿಗಿಯಾಗಿ ಕೂರುವ, ಶೋಧನೆಯ ಅಂಕಿ ನಮೂದಿಸಿರುವ ಒಣ ಫಿಲ್ಟರೇ ತಕ್ಕದ್ದು.